ಎಚ್‌ಐವಿ ಸೋಂಕು ಮತ್ತು ನರವ್ಯಾಧಿಗಳು: ರೋಗಕಾರಣ ವಿವೇಚನೆಯ ಚರಿತ್ರೆ

ರೋಗವೊಂದಕ್ಕೆ ಹೆಸರು ದೊರೆಯುವುದು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಒಂದು ಘಟ್ಟ. ಆ ಹೆಸರಿನ ಮರೆಯಲ್ಲಿ ಬೇರೆ ಬೇರೆ ಕಾರಣಗಳು ಅಡಗಿರಬಹುದೆಂದು ತಿಳಿಯುವುದು ಮತ್ತೊಂದು ಘಟ್ಟ. ಎಚ್‌ಐವಿ ಸೋಂಕಿಗೂ ನರವ್ಯಾಧಿಗಳಿಗೂ ಇರುವ ಸಂಬಂಧದ ಚರಿತ್ರೆಯು ಈ ಎರಡನೆಯದಕ್ಕೆ ಉತ್ತಮ ನಿದರ್ಶನವಾಗಿದೆ.

ಸ್ನಾಯುಗಳನ್ನು ನಡೆಸುವ ಚಾಲಕ ನರಕೋಶಗಳು ನಶಿಸುವುದರಿಂದ ಉಂಟಾಗುವ ವ್ಯಾಧಿಯನ್ನು ಪ್ಯಾರಿಸ್ಸಿನ ಶಾರ್ಕೋ ಅವರು ೧೮೬೯ರಲ್ಲಿ ವಿವರಿಸಿದರು. ಅಮಿಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೀರೋಸಿಸ್ ಎಂದು ಪ್ರಸಿದ್ಧವಾದ ಇದರಲ್ಲಿ ಕೈಕಾಲುಗಳು ಸೊರಗಿ, ಮಾತು ತೊದಲಿ, ಕಡೆಗೆ ನುಂಗುವ ಮತ್ತು ಉಸಿರಾಡುವ ಶಕ್ತಿಯೂ ಕುಂದುತ್ತದೆ. ಹಿಮ್ಮೆಟ್ಟಿಸುವ ಔಷಧವಿಲ್ಲದ ಕಾರಣ, ಈ ರೋಗದ ಹೆಸರನ್ನು ಹೇಳುವುದೆಂದರೆ ಬಹುಕಾಲ ರೋಗಿಗೆ ಕೊನೆಯ ತೀರ್ಪನ್ನು ಓದಿ ಹೇಳಿದಂತೆಯೇ ಆಗಿತ್ತು.

೧೯೮೧ರ ಜೂನ್ ೫ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಐವರು ಯುವಕರ ವಿಲಕ್ಷಣ ಶ್ವಾಸಕೋಶ ರೋಗದ ವರದಿಯು ಪ್ರಕಟವಾಯಿತು. ಆ ವ್ಯಾಧಿಯೇ ಮುಂದೆ ಏಡ್ಸ್ ಎಂಬ ಹೆಸರನ್ನು ಪಡೆಯಿತು. ೧೯೮೩ರಲ್ಲಿ ಪಾಶ್ಚರ್ ಸಂಸ್ಥೆಯ ಬಾರೆ-ಸಿನೂಸಿ, ಮೊಂಟಾನ್ಯೆ ಮೊದಲಾದವರು ಅದರ ವೈರಸ್ಸನ್ನು ಬೇರ್ಪಡಿಸಿದರು. ಅದೇ ವರ್ಷ ೫೦ ರೋಗಿಗಳನ್ನು ಕುರಿತ ಲೇಖನವೊಂದು ಹೊರಬಂದು, ನರಮಂಡಲವೂ ಈ ರೋಗದಿಂದ ಹೊರತಲ್ಲವೆಂಬುದನ್ನು ಸ್ಪಷ್ಟಪಡಿಸಿತು.

ಮಿದುಳುಬಳ್ಳಿಯಿಂದ ಹೊರಟು ಅಂಗಾಂಗಗಳಿಗೆ ಹಬ್ಬುವ ಪರಿಧಿಯ ನರಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಹಾನಿ ಕಂಡುಬಂದಿತು. ಸೋಂಕಿನ ಮೊದಮೊದಲಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ನರಗಳ ಹೊದಿಕೆಯನ್ನು ಕೆಡಿಸಿ ಅಶಕ್ತತೆಯನ್ನು ತರುವುದು ಒಂದು. ಸೋಂಕು ಬಲಿತ ಮೇಲೆ ಎರಡೂ ಅಂಗಾಲುಗಳಲ್ಲಿ ಉರಿ, ಜೋಮು ತೋರಿ ಕ್ರಮೇಣ ಮೇಲೇರುವುದು ಇನ್ನೊಂದು.

ಔಷಧಗಳು ಬಂದ ಮೇಲೆ ಸಮಸ್ಯೆಯು ಇನ್ನಷ್ಟು ಜಟಿಲವಾಯಿತು. ಅಮೆರಿಕದಲ್ಲಿ ೧೯೮೭ರಲ್ಲಿ ಜಿಡೊವುಡಿನ್ ಅನುಮತಿ ಪಡೆಯಿತು. ೧೯೯೧ರಲ್ಲಿ ಡಿಡನೊಸಿನ್, ೧೯೯೨ರಲ್ಲಿ ಜಾಲ್ಸಿಟಬಿನ್, ೧೯೯೪ರಲ್ಲಿ ಸ್ಟಾವುಡಿನ್ ಅದನ್ನು ಹಿಂಬಾಲಿಸಿದವು. ಈ ಕೊನೆಯ ಮೂರೂ ವೈರಸ್ಸನ್ನು ತಡೆಯುವುದರೊಡನೆ, ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳಿಗೂ ಕೇಡು ಮಾಡುತ್ತಿದ್ದವು. ಫಲವಾಗಿ ಅದೇ ಅಂಗಾಲು, ಅದೇ ಉರಿ. ನೋವು ವೈರಸ್ಸಿನಿಂದಾದುದಾದರೆ ಔಷಧ ಮುಂದುವರಿಯಬೇಕು. ಔಷಧದಿಂದಲೇ ಆದುದಾದರೆ ಅದನ್ನು ಬದಲಿಸಬೇಕು. ೨೦೦೪ರ ಏಪ್ರಿಲ್ ೧ರಂದು ಭಾರತ ಸರ್ಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿದಾಗ ಅಗ್ಗವಾದ ಸ್ಟಾವುಡಿನ್ನೇ ಬಹುಮಂದಿಯ ಪಾಲಿಗೆ ಬಂದಿತು. ಪ್ರಾಣವನ್ನು ಉಳಿಸಿದ ಮಾತ್ರೆಯೇ ಹಲವರಿಗೆ ನಡೆಯುವುದನ್ನು ಯಾತನೆಯಾಗಿಸಿತು. ೨೦೦೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಕ್ರಮವಾಗಿ ಕೈಬಿಡಬೇಕೆಂದು ಸಲಹೆಯಿತ್ತಿತು.

ಚಾಲಕ ನರಕೋಶಗಳ ವಿಷಯದಲ್ಲಿ ಚರಿತ್ರೆಯು ಬೇರೊಂದು ಹಾದಿ ಹಿಡಿಯಿತು. ಸೋಂಕಿತನೊಬ್ಬನಲ್ಲಿ ಚಾಲಕ ನರಕೋಶಗಳ ವ್ಯಾಧಿಯು ೧೯೮೫ರಲ್ಲಿಯೇ ವರದಿಯಾಗಿತ್ತು. ಆದರೆ ಎರಡು ರೋಗಗಳು ಒಬ್ಬನಲ್ಲಿಯೇ ಕಾಕತಾಳೀಯವಾಗಿ ಕೂಡಿರಬಹುದೆಂಬ ಆಕ್ಷೇಪಕ್ಕೆ ಆಗ ಸಮಾಧಾನವಿರಲಿಲ್ಲ. ೨೦೦೧ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯು ಎರಡು ಲೇಖನಗಳನ್ನು ಪ್ರಕಟಿಸಿತು: ಒಂದರಲ್ಲಿ ಫ್ರಾನ್ಸಿನ ಆರು ಮಂದಿ, ಇನ್ನೊಂದರಲ್ಲಿ ಹೊಸದಾಗಿ ಸೋಂಕು ತಗಲಿದ ಒಬ್ಬ ರೋಗಿ. ವೈರಸ್ ನಿರೋಧಕ ಔಷಧಗಳಿಂದ ಈ ಒಬ್ಬ ರೋಗಿಯು ಪೂರ್ಣವಾಗಿ ಚೇತರಿಸಿಕೊಂಡರು; ಫ್ರಾನ್ಸಿನ ರೋಗಿಗಳಲ್ಲಿಯೂ ವ್ಯಾಧಿಯು ಹಿಂದೆಗೆಯಬಲ್ಲದೆಂಬುದು ಕಂಡುಬಂದಿತು. ಇಂತಹವರು ಸಾಮಾನ್ಯವಾಗಿ ಕಿರಿಯ ವಯಸ್ಸಿನವರು. ಅಶಕ್ತತೆಯು ಅವರಲ್ಲಿ ವಾರಗಳಲ್ಲಿಯೇ ಹೆಚ್ಚುತ್ತದೆ. ಭಾರತದಲ್ಲಿ ಪ್ರಬಲವಾಗಿರುವ ಸಿ ಉಪವರ್ಗದ ವೈರಸ್ಸಿಗೆ ಸಂಬಂಧಿಸಿದ ಇಂತಹ ವ್ಯಾಧಿಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ೨೦೦೪ರಲ್ಲಿ, ದೇಶದ ಮೊದಲ ವರದಿಯಾಗಿ ಪ್ರಕಟಿಸಿದರು.

ಸೋಂಕಿಲ್ಲದವರ ಶಾರ್ಕೋ ವ್ಯಾಧಿಗೂ ವೈರಸ್ಸೇ ಮೂಲವಿರಬಹುದೆ ಎಂಬ ಪ್ರಶ್ನೆಯು ಇದರಿಂದ ಬಲಗೊಂಡಿತು. ಮಾನವನ ವಂಶವಾಹಿಗಳಲ್ಲಿ ಹುದುಗಿರುವ ಪ್ರಾಚೀನ ವೈರಸ್ ಅವಶೇಷಗಳ ಕಡೆಗೆ ೨೦೧೧ ಮತ್ತು ೨೦೧೫ರ ಸಂಶೋಧನೆಗಳು ಬೆರಳು ತೋರಿದವು. ಅನಂತರದ ಪರೀಕ್ಷೆಗಳಲ್ಲಿ ಇತರರಿಗೆ ಆ ಆಧಾರ ದೊರೆಯಲಿಲ್ಲ. ವಿವಾದವು ಇತ್ಯರ್ಥವಾಗಿಲ್ಲ.

ಹಿಂದೆಗೆಯುವ ಪ್ರಕರಣಗಳು ವಿರಳವೆಂಬುದನ್ನು ಮರೆಯಲಾಗದು; ಎಚ್‌ಐವಿ ಇದ್ದವರೆಲ್ಲರ ಚಾಲಕ ನರವ್ಯಾಧಿಯೂ ಗುಣವಾಗುವುದೆಂದು ಹೇಳುವುದು ಸಾಹಸವಾದೀತು. ಆದರೆ ಆ ವಿರಳರಲ್ಲಿ ಒಬ್ಬನನ್ನು ಗುರುತಿಸುವ ಸಾಧನವು ಒಂದು ಸಾಮಾನ್ಯ ರಕ್ತಪರೀಕ್ಷೆ ಮಾತ್ರ. ಕಳಂಕದ ಭಯದಿಂದಲೋ ಸಂಕೋಚದಿಂದಲೋ ಅದನ್ನು ಕೈಬಿಟ್ಟಲ್ಲಿ, ಚಿಕಿತ್ಸೆಯುಳ್ಳ ರೋಗಿಯೂ ಚಿಕಿತ್ಸೆಯಿಲ್ಲದವರ ಸಾಲಿಗೆ ಸೇರಿಹೋಗುತ್ತಾನೆ.