ಮಾರಿಯೂ ಮೈಯ ನೆನಪೂ

ಕಾಗದದಲ್ಲಿ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ. ಅಣೆಕಟ್ಟೆಯ ಹತ್ತಿರವೇ ಕಣಿವೆ ಮಾರಮ್ಮನ ಗುಡಿ ಇದೆ. ಮಾರಿ ಅಂದರೆ ಊರಿಗೆ ಬರುವ ರೋಗವೂ ಹೌದು, ಅದರಿಂದ ಕಾಯುವ ತಾಯಿಯೂ ಹೌದು. ಒಮ್ಮೆ ಸಿಡುಬು ಬಂದು ಬದುಕಿದವರಿಗೆ ಅದು ಮತ್ತೆ ತಗಲೋದಿಲ್ಲ ಅಂತ ಹಳಬರಿಗೆ ಗೊತ್ತಿತ್ತು. ಮೈಗೆ ನೆನಪಿರುತ್ತೆ.

ಈ ಲೆಕ್ಕಕ್ಕೆ ಸಿಗದ ಮಾರಿಯೊಂದಿದೆ, ಹೆಪಟೈಟಿಸ್ ಸಿ. ರಕ್ತದಿಂದ ರಕ್ತಕ್ಕೆ ಹೋಗುತ್ತೆ, ಬೊಕ್ಕೆ ಏಳಿಸೋದಿಲ್ಲ, ಎಷ್ಟೋ ವರ್ಷ ಸದ್ದಿಲ್ಲದೆ ಲಿವರ್ ತಿನ್ನುತ್ತೆ. 1970ರ ದಶಕದಲ್ಲಿ ಹಾರ್ವೆ ಆಲ್ಟರ್ ಮತ್ತು ಜೊತೆಗಾರರು ರಕ್ತ ಪಡೆದವರಿಗೆ ಬರುತ್ತಿದ್ದ ಕಾಮಾಲೆಯಲ್ಲಿ 'ಎ'ಯೂ ಅಲ್ಲದ, 'ಬಿ'ಯೂ ಅಲ್ಲದ ಒಂದನ್ನು ಗುರುತಿಸಿದರು. ಅದಕ್ಕೆ ಹೆಸರು ಸಿಕ್ಕಿದ್ದು 1989ರಲ್ಲಿ, ಮೈಕೆಲ್ ಹೌಟನ್ ತಂಡದಿಂದ.

ನನಗೆ ಕುತೂಹಲ ಇರೋದು ಸೋತವರಿಗಿಂತ ಗೆದ್ದವರ ಬಗ್ಗೆ. ಸೋಂಕು ತಗಲಿದ ನೂರರಲ್ಲಿ 15ರಿಂದ 45 ಜನ ಆರು ತಿಂಗಳೊಳಗೆ ಔಷಧವಿಲ್ಲದೆ ಗುಣವಾಗ್ತಾರೆ. ಗೆಲ್ಲಿಸೋದು ಯಾರು? 2003ರಲ್ಲಿ ಅಮೆರಿಕದ ಸಂಶೋಧಕರು, ಮೊದಲು ಗುಣವಾಗಿದ್ದ ಚಿಂಪಾಂಜಿಗಳಲ್ಲಿ ಸಿಡಿ8 ಎಂಬ ಟಿ ಕೋಶಗಳನ್ನು ಸ್ವಲ್ಪ ಕಾಲ ಇಲ್ಲವಾಗಿಸಿ ಮತ್ತೆ ವೈರಸ್ ಕೊಟ್ಟರು. ಆ ಕೋಶಗಳು ಮರಳುವ ತನಕ ವೈರಸ್ ಜಗ್ಗಲಿಲ್ಲ. (ಪಾಪ, ಆ ಚಿಂಪಾಂಜಿಗಳು.) ಸೋಂಕು ಬಿಡದೆ ಕೂತವರಲ್ಲಿ ಇದೇ ಟಿ ಕೋಶಗಳು ದಿನಾ ಹೊಡೆದಾಡಿ ಹೊಡೆದಾಡಿ ಕೈಚೆಲ್ಲುತ್ತವೆ. ವೈರಸ್ಸೋ, ವೇಷ ಬದಲಿಸುತ್ತಲೇ ಇರುತ್ತೆ.

ನಮ್ಮ ಕಟ್ಟೆ ಮುಗಿದದ್ದು 1907ರಲ್ಲಿ, ಹೆಸರು ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರದು. ಅದೇ ವರ್ಷ ಮೈಸೂರು ಅರಮನೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 371 ಎಕರೆ ಕೊಟ್ಟಿತು. ಆ ನೆಲದಲ್ಲೇ ಸೌಮಿತ್ರ ದಾಸ್ ಮತ್ತು ಅಂಜಲಿ ಕರಂಡೆಯವರ ತಂಡ, ಭಾರತದಲ್ಲಿ ಹೆಚ್ಚಾಗಿ ಕಾಣುವ 3ಎ ಬಗೆಯ ವೈರಸ್ಸಿನ ಪೊಳ್ಳು ಕವಚ ತಯಾರಿಸಿತು. ಒಳಗೆ ಸೋಂಕು ಹಬ್ಬಿಸುವ ತಿರುಳಿಲ್ಲ. ಇಲಿಗಳಿಗೆ ಮೊದಲು ಅದನ್ನು, ಆಮೇಲೆ ಅಡೆನೋವೈರಸ್ ಬೂಸ್ಟರ್ ಕೊಟ್ಟಾಗ ಪ್ರತಿಕಾಯಗಳ ಜೊತೆ ಕೋಶಗಳೂ ಎಚ್ಚೆತ್ತವು. ಇದು ಪ್ರಕಟವಾದದ್ದು 2016ರಲ್ಲಿ.

ಇಲಿಯಿಂದ ಮನುಷ್ಯನವರೆಗಿನ ದಾರಿ ಸಣ್ಣದಲ್ಲ. ಅಮೆರಿಕದಲ್ಲಿ ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವ 548 ಜನರ ಮೇಲೆ ಬೇರೊಂದು ಲಸಿಕೆಯನ್ನು ಪರೀಕ್ಷಿಸಿದ್ದರು. ಫಲಿತಾಂಶ 2021ರಲ್ಲಿ ಬಂತು. ಟಿ ಕೋಶಗಳು ಎದ್ದವು, ಆದರೂ ಸೋಂಕು ಬೇರೂರೋದು ನಿಲ್ಲಲಿಲ್ಲ.

ಇವತ್ತು ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರಕ್ಕೆ 95 ಜನಕ್ಕೆ ವಾಸಿಯಾಗುತ್ತೆ. 2018ರಿಂದ ಸರ್ಕಾರಿ ಯೋಜನೆಯಲ್ಲಿ ಅದು ಉಚಿತ. ಆದರೆ ವಾಸಿಯಾದವರು ಮತ್ತೆ ಸೋಂಕಿತ ಸೂಜಿ ಚುಚ್ಚಿಕೊಂಡರೆ ರೋಗವೂ ಮತ್ತೆ ಬರಬಹುದು. ಲಸಿಕೆ ಇನ್ನೂ ಬಂದಿಲ್ಲ.