ಅಳತೆಯ ಗೆರೆ, ಕಂಡ ಮುಖ: ಗೆಂದುನ್ ಛೋಫೆಲ್ ಮತ್ತು ಆಮ್ದೊ ಜಂಪಾ

ಮುಂಡಗೋಡದ ಎರಡನೇ ಲಾಮಾ ಕ್ಯಾಂಪಿನಲ್ಲಿರುವ ಡ್ರೆಪುಂಗ್ ಮಠದ ಪ್ರಾರ್ಥನಾ ಮಂದಿರದಲ್ಲಿ ಪೀಠದ ಮೇಲಿರುವುದು ದಲೈ ಲಾಮಾ ಅವರ ಫೋಟೊ. ಸುತ್ತಲಿನ ಥಾಂಕಾ ಎಂಬ ಬಟ್ಟೆಚಿತ್ರಗಳಲ್ಲಿರುವ ಬುದ್ಧನದು ಶಾಸ್ತ್ರದ ಮುಖ; ಫೋಟೊದಲ್ಲಿರುವುದು ಗುರುತು ಹಿಡಿಯಬಹುದಾದ ಮುಖ. ಈ ಎರಡೂ ಟಿಬೆಟಿನ ಚಿತ್ರಕಲೆಯಲ್ಲಿ ಹೇಗೆ ಸಂಧಿಸಿದವೆಂದು ತಿಳಿಯಲು ಇದೇ ಮಠದ ಮೂಲನೆಲೆಯಲ್ಲಿ, ಲ್ಹಾಸಾ ಬಳಿಯ ಡ್ರೆಪುಂಗಿನಲ್ಲಿ, ಇದ್ದ ಇಬ್ಬರು ಚಿತ್ರಕಾರರನ್ನು ನೋಡಬೇಕು. ಇಬ್ಬರೂ ಈಶಾನ್ಯ ಟಿಬೆಟಿನ ಆಮ್ದೊ ಸೀಮೆಯವರು.

ಥಾಂಕಾ ಬರೆಯುವವರು ಹತ್ತಿಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಸುಣ್ಣದ ಪುಡಿ ಮತ್ತು ಅಂಟಿನ ಲೇಪ ಬಳಿದು, ಕಲ್ಲಿನಿಂದ ಉಜ್ಜಿ ನುಣುಪು ಮಾಡುತ್ತಾರೆ. ಬಳಿಕ ಮೈ, ಮುಖಗಳಿಗೆ ಶಾಸ್ತ್ರ ಹೇಳುವ ಅಳತೆಯ ಗೆರೆ ಎಳೆಯುತ್ತಾರೆ. ನಮ್ಮ ಶಿಲ್ಪಿಗಳ ತಾಳಮಾನಕ್ಕೆ ಹತ್ತಿರದ ಸಂಬಂಧಿ ಇದು. ಕಣ್ಣು ಬರೆಯುವುದು ಕೊನೆಗೆ, ನಮ್ಮ ನೇತ್ರೋನ್ಮೀಲನದ ಹಾಗೆ. ಎದುರಿಗೆ ಮನುಷ್ಯನೊಬ್ಬ ಕೂರಬೇಕಾದ ಅಗತ್ಯವೇ ಇಲ್ಲ.

ಗೆಂದುನ್ ಛೋಫೆಲ್ (1903–1951) ಆ ಮನುಷ್ಯನನ್ನು ಎದುರಿಗೆ ಕೂರಿಸಿದರು. ಡ್ರೆಪುಂಗಿನ ಗೋಮಾಂಗ್ ಕಾಲೇಜಿನ ವಿದ್ಯಾರ್ಥಿಯಾಗಿ, ವಾದದಲ್ಲಿ ಗುರುಗಳನ್ನೂ ಬಿಡದವರೆಂದು ಹೆಸರಾಗಿದ್ದ ಅವರು ಭಾವಚಿತ್ರ ಬರೆದು ಸಂಪಾದಿಸುತ್ತಿದ್ದರು. 1934ರಲ್ಲಿ ಭಾರತೀಯ ವಿದ್ವಾಂಸ ರಾಹುಲ ಸಾಂಕೃತ್ಯಾಯನರ ಜೊತೆ ಭಾರತದತ್ತ ಹೊರಟವರು ಮರಳಿದ್ದು ಸುಮಾರು 12 ವರ್ಷಗಳ ಬಳಿಕ. ಉಳಿದಿರುವ ಅವರ ಹಾಳೆಗಳಲ್ಲಿ ಪೆನ್ಸಿಲ್ ಮತ್ತು ಜಲವರ್ಣದಲ್ಲಿ ಬರೆದ ಹೆಣ್ಣಿನ ಆಕೃತಿಗಳಿವೆ. ನಾಲ್ಕಾರು ಗೆರೆಗಳಲ್ಲಿ ಮೈಯ ಬಳುಕು ಮೂಡುತ್ತದೆ. ಮೋಡವಿಲ್ಲ, ಪದ್ಮಪೀಠವಿಲ್ಲ, ಪೂಜೆಯ ಉದ್ದೇಶವೂ ಇಲ್ಲ. 1946ರಲ್ಲಿ ಲ್ಹಾಸಾದ ಸರ್ಕಾರ ಅವರನ್ನು ಸೆರೆಗೆ ತಳ್ಳಿತು. ಬಿಡುಗಡೆಯಾಗಿ ಎರಡೇ ವರ್ಷಕ್ಕೆ ತೀರಿಕೊಂಡರು. ಅಂಥ ಕಣ್ಣು, ಅಂಥ ಕೈ ಎರಡನ್ನೂ ಆ ಸಮಾಜ ಉಳಿಸಿಕೊಳ್ಳಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಛೋಫೆಲರಿಂದ ಪ್ರೇರಣೆ ಪಡೆದ ಆಮ್ದೊ ಜಂಪಾ (ನಿಧನ 2002) ಹಿಡಿದದ್ದು ಬೇರೆ ದಾರಿ. ಅವರಿಗೆ ಮಾದರಿಯಾದದ್ದು ಫೋಟೊ. 1950ರ ದಶಕದ ಮಧ್ಯದಲ್ಲಿ ಲ್ಹಾಸಾದ ನೊರ್ಬುಲಿಂಕಾ ಉದ್ಯಾನದ ಹೊಸ ಬೇಸಿಗೆ ಅರಮನೆಯಲ್ಲಿ ಅವರು ಬರೆದ ಭಿತ್ತಿಚಿತ್ರದ ನಡುವೆ ಯುವಕ ದಲೈ ಲಾಮಾ ಕುಳಿತಿದ್ದಾರೆ. ಸುತ್ತ ಮನೆಯವರು, ಅಧಿಕಾರಿಗಳು, ವಿದೇಶಿ ಪ್ರತಿನಿಧಿಗಳು. ಒಟ್ಟು ವಿನ್ಯಾಸ ಹಳೆಯ ಸಂಪ್ರದಾಯದ್ದು. ಮುಖಗಳಲ್ಲಿ ಮಾತ್ರ ನೆರಳು-ಬೆಳಕು ಆಡುತ್ತದೆ, ಒಬ್ಬೊಬ್ಬರದೂ ಒಂದೊಂದು ಚಹರೆ. ರವಿವರ್ಮನ ಅಚ್ಚುಚಿತ್ರಗಳು ನಮ್ಮ ದೇವರಮನೆಗೆ ತಂದ ಬದಲಾವಣೆಯನ್ನು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ.

ಗೆರೆಯ ಜೀವಂತಿಕೆಯಲ್ಲಿ ಛೋಫೆಲರೇ ದೊಡ್ಡವರೆಂದು ನನ್ನ ಅಭಿಪ್ರಾಯ. ಜಂಪಾರ ಮುಖಗಳಲ್ಲಿ ಫೋಟೊದ ಬಿಗಿತ ಉಳಿದಿದೆ. ಆದರೆ ಛೋಫೆಲ್ ಮಠದ ಹೊರಗೆ ಕಂಡುಕೊಂಡದ್ದನ್ನು ಪೂಜ್ಯರ ಗೋಡೆಗೇ ಏರಿಸಿದವರು ಜಂಪಾ. ಮುಂಡಗೋಡದ ಪೀಠದ ಫೋಟೊವನ್ನು ಅರ್ಥಮಾಡಿಕೊಳ್ಳಲು ಅವರ ಚಿತ್ರವೇ ಹೆಚ್ಚು ನೆರವಾಗುತ್ತದೆ.

1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾ ಅದೇ ನೊರ್ಬುಲಿಂಕಾದಿಂದ ವೇಷ ಮರೆಸಿ ಹೊರಟರು. ಗೋಡೆಯ ಮೇಲಿನ ಅವರ ಮುಖ ಅಲ್ಲೇ ಉಳಿಯಿತು.