ಎದೆಯೊಳಗಿನ ಅಣು ಬ್ಯಾಟರಿ

ಟಾರ್ಚಿನ ಸೆಲ್ಲು ಮುಗಿದರೆ ನೀವು ಅಂಗಡಿಗೆ ಹೋಗಿ ಹೊಸದನ್ನು ತರುತ್ತೀರಿ. ಎದೆಯೊಳಗೆ ಇಟ್ಟ ಸೆಲ್ಲು ಮುಗಿದರೆ? 1960ರ ದಶಕದಲ್ಲಿ ಹೃದಯದ ಬಡಿತ ಕಾಯುವ ಪೇಸ್‌ಮೇಕರ್‌ಗಳು ಪಾದರಸದ ಸೆಲ್ಲುಗಳಿಂದ ನಡೆಯುತ್ತಿದ್ದವು. ಅವು ಸುಮಾರು ಎರಡು ವರ್ಷ ಬಾಳುತ್ತಿದ್ದವು. ಆಮೇಲೆ ರೋಗಿಗೆ ಮತ್ತೆ ಶಸ್ತ್ರಚಿಕಿತ್ಸೆ. ದೀರ್ಘಕಾಲ ಬಾಳುವ ಬ್ಯಾಟರಿ ಅವರಿಗೆ ಜೀವನದ ಪ್ರಶ್ನೆಯೇ ಆಗಿತ್ತು.

ಇಂಥ ಬ್ಯಾಟರಿಯ ಬೀಜ 1913ರದು. ಇಂಗ್ಲೆಂಡಿನ ಹೆನ್ರಿ ಮೋಸ್ಲಿ ರೇಡಿಯಂ ಬಳಸಿ, ಬೀಟಾ ಕಣಗಳಿಂದ, ಅಂದರೆ ವೇಗವಾಗಿ ಚಿಮ್ಮುವ ಎಲೆಕ್ಟ್ರಾನುಗಳಿಂದ, ನೇರವಾಗಿ ವಿದ್ಯುತ್ ಪಡೆದರು. ವೋಲ್ಟೇಜು ಭಾರಿ, ಪ್ರವಾಹ ಮಾತ್ರ ಅತ್ಯಲ್ಪ. ಪಾಪ, ಎರಡೇ ವರ್ಷಗಳಲ್ಲಿ, 27ರ ಹರೆಯದಲ್ಲಿ ಅವರು ಗಲಿಪೊಲಿಯ ಯುದ್ಧದಲ್ಲಿ ಮಡಿದರು.

ಮುಂದಿನ ಹೆಜ್ಜೆಗೆ ಅರೆವಾಹಕಗಳು ಬರಬೇಕಾಯಿತು. ಸೌರಕೋಶದಲ್ಲಿ ಬೆಳಕು ಮಾಡುವ ಕೆಲಸವನ್ನು ಇಲ್ಲಿ ಬೀಟಾ ಕಣ ಮಾಡುತ್ತದೆ: ಸಿಲಿಕಾನ್ ಹರಳಿಗೆ ನುಗ್ಗಿದ ಒಂದೊಂದು ಕಣವೂ ಸಾವಿರಾರು ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಅಮೆರಿಕದ ಆರ್‌ಸಿಎ ಕಂಪೆನಿಯಲ್ಲಿ ಪಾಲ್ ರಾಪಪೋರ್ಟ್ ಸ್ಟ್ರಾಂಷಿಯಂ-90 ಬಳಸಿ ಇದನ್ನು ಸಾಧಿಸಿದರು. 1954ರ ಜನವರಿಯಲ್ಲಿ ಕಂಪೆನಿಯ ಮುಖ್ಯಸ್ಥ ಡೇವಿಡ್ ಸಾರ್ನಾಫ್ ಆ ಬ್ಯಾಟರಿಯ ಬಲದಿಂದಲೇ ಒಂದು ತಂತಿ ಸಂದೇಶ ಬಡಿದು ತೋರಿಸಿದರು.

ಆದರೆ ಗಮನಿಸಿ, ಸ್ಟ್ರಾಂಷಿಯಂ-90ರ ವಿಕಿರಣ ಅರ್ಧಕ್ಕಿಳಿಯಲು ಸುಮಾರು 29 ವರ್ಷ ಬೇಕು. ಬ್ಯಾಟರಿ ಮಾತ್ರ ಬೇಗನೆ ಕೆಡುತ್ತಿತ್ತು. ವಿದ್ಯುತ್ ಕೊಡುವ ಕಣಗಳೇ ಸಿಲಿಕಾನ್ ಪರಮಾಣುಗಳನ್ನು ಜಾಗದಿಂದ ಕಿತ್ತು ಹರಳನ್ನು ಹಾಳುಮಾಡುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ!

ಹಾಗಾದರೆ ಸೌಮ್ಯವಾದ ಮೂಲ ಬೇಕು. ಲ್ಯಾರಿ ಓಲ್ಸೆನ್ ಮತ್ತು ಸಂಗಡಿಗರು ಪ್ರೊಮೀಥಿಯಂ-147ನ್ನು ಆರಿಸಿದರು. ಅವರ ‘ಬೀಟಾಸೆಲ್’ 1970ರ ದಶಕದಲ್ಲಿ ರೋಗಿಗಳ ಎದೆ ಸೇರಿತು, ಹೃದಯಗಳನ್ನು ನಡೆಸಿತು. ಆದರೂ ಪ್ರೊಮೀಥಿಯಂ 2.6 ವರ್ಷಕ್ಕೇ ಅರ್ಧವಾಗುತ್ತದೆ. ಅಷ್ಟರಲ್ಲಿ, 1972ರಿಂದ, ಲಿಥಿಯಂ-ಅಯೊಡಿನ್ ಬ್ಯಾಟರಿಗಳೂ ಪೇಸ್‌ಮೇಕರ್‌ಗೆ ಬಂದವು. ವಿಕಿರಣದ ಭಯವಿಲ್ಲದೆ ವರ್ಷಗಟ್ಟಲೆ ನಡೆಯುವ ಅವು ಅಣು ಬ್ಯಾಟರಿಯನ್ನು ಬದಿಗೆ ಸರಿಸಿದವು. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಪೇ.

2024ರ ಜನವರಿಯಲ್ಲಿ ಚೀನಾದ ಬೀಟಾವೋಲ್ಟ್ ಕಂಪೆನಿ 50 ವರ್ಷ ಬಾಳುವ ಬ್ಯಾಟರಿಯ ಸುದ್ದಿ ಕೊಟ್ಟಾಗ ಹಲವರು ಮೊಬೈಲ್ ಫೋನಿನ ಕನಸು ಕಂಡರು. ನೀವೇ ಲೆಕ್ಕ ಹಾಕಿ: ನಿಕ್ಕೆಲ್-63 ಮತ್ತು ವಜ್ರದ ಅರೆವಾಹಕಗಳ ಆ ಬ್ಯಾಟರಿ ಕೊಡುವುದು 100 ಮೈಕ್ರೋವಾಟ್. ಒಂದು ವಾಟಿನ ಪುಟ್ಟ ದೀಪ ಉರಿಯಲು ಅಂಥವು ಹತ್ತು ಸಾವಿರ ಬೇಕು! ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಅಲ್ಲಿನ ಪರಮಾಣು ಶಕ್ತಿ ಸಂಸ್ಥೆಯೊಡನೆ ಕಾರ್ಬನ್-14ರ ವಜ್ರದ ಬ್ಯಾಟರಿಯನ್ನು ಪ್ರಕಟಿಸಿದರು. ಅದು ಅರ್ಧಕ್ಕಿಳಿಯಲು ಸುಮಾರು 5,700 ವರ್ಷ. ಅವರು ಹೇಳಿದ ಉಪಯೋಗಗಳಲ್ಲಿ ಮತ್ತೆ ಪೇಸ್‌ಮೇಕರ್ ಇದೆ.